ಸತ್ತ ಸಿಸ್ಟಮ್ಮಿನ ಫೋಲ್ಡರ್ ಅಳಿಸುವ ಬಗ್ಗೆ

ಸ್ವೀಡನ್ನಿನ ಎಲ್ಗ್‌ಬಿ ಪುರಸಭೆಯಲ್ಲಿ ಸತ್ತವುಗಳಿಗೂ ಹಕ್ಕಿದೆ. ಪರವಾನಗಿ ವಿಭಾಗದ ಕಂಪ್ಯೂಟರಿನಲ್ಲಿದ್ದ ಹಳೆಯ ಆಪರೇಟಿಂಗ್ ಸಿಸ್ಟಮ್ ಕಳೆದ ಶರತ್ಕಾಲದಲ್ಲಿ ವಿಧಿವತ್ತಾಗಿ ತೀರಿಕೊಂಡು, ಅದರ ಜಾಗಕ್ಕೆ ಹೊಸದು ಬಂತು. ಹೊಸದು ಒಳ್ಳೆಯ ಸೊಸೆಯ ಹಾಗೆ ಅತ್ತೆಯ ಸಾಮಾನು ಯಾವುದನ್ನೂ ಬಿಸಾಡದೆ, ಎಲ್ಲವನ್ನೂ ‘ಹಿಂದಿನದು’ ಎಂಬ ಫೋಲ್ಡರಿಗೆ ತುಂಬಿ ಮೂಲೆಗಿಟ್ಟಿತು. ಆ ಮೂಲೆಯೇ ಮುಕ್ಕಾಲು ಮನೆಯಾಗಿದೆ ಎಂಬುದು ಜನವರಿಯಲ್ಲಿ ತಿಳಿಯಿತು. ಹೊಸ ಪರವಾನಗಿ ಒಂದನ್ನು ಉಳಿಸಿಡಲೂ ಡಿಸ್ಕಿನಲ್ಲಿ ಜಾಗವಿರಲಿಲ್ಲ. ಆ ವಿಭಾಗದ ಕಂಪ್ಯೂಟರಿನಲ್ಲೇ ಉಳಿಸದ ಪರವಾನಗಿಯನ್ನು ಯಾರಿಗೂ ಕೊಡತಕ್ಕದ್ದಲ್ಲ ಎಂದು ನಮ್ಮ ನಿಯಮ ಹೇಳುತ್ತದೆ.

ನಾನು ಈ ಪುರಸಭೆಯ ದಾಖಲೆಪಾಲಕ. ನನ್ನ ಒಪ್ಪಿಗೆಯಿಲ್ಲದೆ ಇಲ್ಲಿ ಒಂದು ಹಾಳೆಯೂ ಕಸದ ಬುಟ್ಟಿಗೆ ಬೀಳುವುದಿಲ್ಲ. ಬುಟ್ಟಿ ಹಳತಾದರೂ ನನ್ನನ್ನೇ ಕೇಳುತ್ತಾರೆ, ನಾನು ಇರಲಿ ಎನ್ನುತ್ತೇನೆ.

ಈ ನಡುವೆ ಸಿಕ್ಕಿಕೊಂಡವನು ಹಾಲ್ವಾರ್. ಮರ ಕೊಯ್ಯುವ ಕಾರ್ಖಾನೆಯ ಕೆಲಸ ಬಿಟ್ಟು, ಊರ ಚೌಕದಲ್ಲಿ ಬೇಕರಿಗೆಂದು ಅಂಗಡಿ ಹಿಡಿದಿದ್ದ. ಒಲೆ ಬಂದಿತ್ತು, ತಪಾಸಣೆ ಮುಗಿದಿತ್ತು, ಪರವಾನಗಿಗೆ ಹಾಕಬೇಕಾದವರೆಲ್ಲ ಸಹಿ ಹಾಕಿದ್ದರು. ಇತ್ತ ಸೆಮ್ಲಾ ಮಂಗಳವಾರ ಹತ್ತಿರ ಬರುತ್ತಿತ್ತು. ಉಪವಾಸದ ಕಾಲಕ್ಕೆ ಮುಂಚೆ ಸ್ವೀಡನ್ನಿಗೆ ಸ್ವೀಡನ್ನೇ ಏಲಕ್ಕಿ ಬನ್ನಿನ ತಲೆ ಕೊಯ್ದು, ಬಾದಾಮಿ ಹೂರಣ ತುಂಬಿ, ಮೇಲೆ ಕೆನೆ ಪೇರಿಸಿ, ಸೆಮ್ಲಾ ಮಾಡಿ ತಿನ್ನುವ ದಿನ ಅದು. ಆ ದಿನ ಬಾಗಿಲು ತೆರೆಯದ ಬೇಕರಿಯನ್ನು ಊರು ಆಮೇಲೆ ತಿರುಗಿಯೂ ನೋಡುವುದಿಲ್ಲ.

“ಪರವಾನಗಿ ಸಿದ್ಧ ಇದೆ ಅಂತೀರಿ, ಕೊಡಕ್ಕಾಗಲ್ಲ ಅಂತೀರಿ,” ಎಂದ ಹಾಲ್ವಾರ್ ಕೌಂಟರಿಗೆ ಕೈಯೂರಿ. “ದೇವರು ಕೊಟ್ರೂ ಪೂಜಾರಿ ಕೊಡ್ಲಿಲ್ಲ ಅನ್ನೋ ಹಾಗಾಯ್ತಲ್ಲ.”

“ಪೂಜಾರಿ ನಾನಲ್ಲಪ್ಪ, ಡಿಸ್ಕು,” ಎಂದೆ.

ಕಂಪ್ಯೂಟರುಗಳ ಉಸ್ತುವಾರಿ ನೋಡುವ ಕ್ಯೆಲ್‌ನನ್ನು ಕರೆಸಿದೆವು. ಅವನು ಪರದೆಯನ್ನೊಮ್ಮೆ ನೋಡಿ ನಕ್ಕ.

“ಇದೇನು ಮಹಾ. ಹಳೇ ಸಿಸ್ಟಮ್ಮಿನ ಫೈಲು ತೆಗೆದುಹಾಕ್ಲಾ ಅಂತ ಕಂಪ್ಯೂಟರೇ ಕೇಳ್ತಿದೆ ನೋಡು. ಹೂಂ ಅಂದ್ರೆ ಆಯ್ತು. ಕಾಫಿ ಆರೋದ್ರೊಳಗೆ ಮುಗಿಯುತ್ತೆ.”

“ಕೇಳ್ತಿರೋದು ಯಾರು?” ಎಂದೆ ನಾನು.

“ಕಂಪ್ಯೂಟರು.”

“ಕೇಳೋ ಅಧಿಕಾರ ಅದಕ್ಕೆ ಯಾರು ಕೊಟ್ರು?”

ಕ್ಯೆಲ್ ಬೆರಳನ್ನು ಹಿಂದಕ್ಕೆ ತೆಗೆದ. ನಮ್ಮ ದೇಶದಲ್ಲಿ ಸರ್ಕಾರಿ ಕಚೇರಿಯ ದಾಖಲೆ ಪ್ರಜೆಯ ಸ್ವತ್ತು. ಬೀದಿಯಲ್ಲಿ ಹೋಗುವ ಯಾರಾದರೂ ಒಳಗೆ ಬಂದು, ಹೆಸರು ಹೇಳದೆ, ಕಾರಣ ಕೊಡದೆ, ಅದನ್ನು ತೋರಿಸಿ ಎನ್ನಬಹುದು. ನಾಳೆ ಒಬ್ಬ ಬಂದು ಸತ್ತ ಸಿಸ್ಟಮ್ಮಿನ ಫೈಲು ಎಲ್ಲಿ ಎಂದರೆ ನಾನು ಯಾವ ಮುಖ ಇಟ್ಟುಕೊಂಡು ಉತ್ತರ ಕೊಡಲಿ?

“ಅದನ್ನ ಯಾರೂ ಓದಕ್ಕಾಗಲ್ಲ ಮಾರಾಯ,” ಎಂದ ಕ್ಯೆಲ್.

“ಓದಕ್ಕೇ ಆಗಲ್ಲ ಅಂದ್ಮೇಲೆ, ಅದರಲ್ಲಿ ಮುಖ್ಯವಾದದ್ದೇನೂ ಇಲ್ಲ ಅಂತ ನಿಂಗೆ ಹೇಗೆ ಗೊತ್ತು?”

ಹಾಲ್ವಾರ್ ನಮ್ಮಿಬ್ಬರ ಮುಖವನ್ನೂ ನೋಡಿ ಟೊಪ್ಪಿ ಹಾಕಿಕೊಂಡು ಹೊರಟುಹೋದ. ಪಾಪ ಅನ್ನಿಸಿತು. ಆದರೆ ಅನ್ನಿಸಿದ್ದನ್ನು ಕಚೇರಿ ವೇಳೆಯಲ್ಲಿ ಗಣನೆಗೆ ತೆಗೆದುಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ.

ಪುರಸಭೆಯ ಮುಖ್ಯಸ್ಥೆ ಡಾಗ್ನಿ ಮರುದಿನವೇ ಪ್ರಕಟಣೆ ಹೊರಡಿಸಿದಳು: “‘ಹಿಂದಿನದು’ ಫೋಲ್ಡರಿನ ಭವಿಷ್ಯ ಕುರಿತು ಸಮಾಲೋಚನಾ ಬಳಗವನ್ನು ರಚಿಸಲಾಗಿದೆ. ಬಾಧಿತರೆಲ್ಲರಿಗೂ ಮಾತನಾಡುವ ಹಕ್ಕಿರುತ್ತದೆ. ಕಾಫಿ ಇರುತ್ತದೆ.” ನಮ್ಮಲ್ಲಿ ಮತಕ್ಕೆ ಹಾಕುವುದೆಂದರೆ ಜಗಳಕ್ಕೆ ಕರೆದಂತೆ. ಒಪ್ಪಿಗೆಯಿಂದ ಎಲ್ಲರ ತಲೆಯೂ ಆಡುವವರೆಗೆ ಮಾತಾಡುತ್ತೇವೆ. ಒಂದು ತಲೆ ಉಳಿದರೆ ಮತ್ತೊಂದು ಸಭೆ.

ಮೊದಲ ಸಭೆಗೆ ಹಾಲ್ವಾರ್ ಬಾಧಿತನಾಗಿ ಬಂದ. ಕೈಯಲ್ಲಿ ಸೆಮ್ಲಾ ತುಂಬಿದ ದೊಡ್ಡ ತಟ್ಟೆಯಿತ್ತು. “ಒಲೆ ಹೇಗಿದೆ ಅಂತ ನೋಡಕ್ಕೆ ಮಾಡಿದ್ದು. ಮಾರೋ ಹಾಗಿಲ್ಲ, ಹಾಳಾಗುತ್ತೆ. ನೀವಾದ್ರೂ ತಿನ್ನಿ.”

ಡಾಗ್ನಿ ಕೈ ಚಾಚಿದವಳು ತಡೆದಳು. “ಪರವಾನಗಿ ಕೊಡದೇ ಇರೋರು ನಾವೇ, ತಿನ್ನೋರೂ ನಾವೇನಾ?”

ಎಲ್ಲರೂ ನನ್ನ ಕಡೆ ನೋಡಿದರು. ಕೆನೆ ನಿಧಾನವಾಗಿ ಬಾಗತೊಡಗಿತ್ತು. “ವ್ಯಾಪಾರಕ್ಕೆ ಪರವಾನಗಿ ಬೇಕು,” ಎಂದೆ. “ಸಭೆಯಲ್ಲಿ ತಿಂದದ್ದು ವ್ಯಾಪಾರವಲ್ಲ, ಕಲಾಪ.” ಅಷ್ಟು ಬೇಗ ಅಷ್ಟು ತಲೆಗಳು ಒಟ್ಟಿಗೆ ಆಡಿದ್ದನ್ನು ನನ್ನ ಸೇವೆಯಲ್ಲೇ ನೋಡಿರಲಿಲ್ಲ.

ಸೆಮ್ಲಾ ಬಲು ಚೆನ್ನಾಗಿತ್ತು. ಆದ್ದರಿಂದ ಫೋಲ್ಡರನ್ನು ಮೃತ ಎನ್ನಬೇಕೋ ನಿವೃತ್ತ ಎನ್ನಬೇಕೋ ಎಂಬ ಮೊದಲ ಪ್ರಶ್ನೆಯನ್ನೇ ಮುಂದಿನ ಸಭೆಗೆ ಉಳಿಸಿಕೊಂಡೆವು. ಆ ಸಭೆಗೆ ಬೇಕಾದ ಸೆಮ್ಲಾವನ್ನು ‘ಸಭಾ ಸಾಮಗ್ರಿ’ ಎಂದು ಕರೆದು, ಪುರಸಭೆಯ ಖರ್ಚಿನಲ್ಲಿ ಹಾಲ್ವಾರನಿಂದಲೇ ತರಿಸಿದೆವು. ಸುದ್ದಿ ಹಬ್ಬಿತು. ತಾವೂ ಹಿಂದೆ ಅದೇ ಸಿಸ್ಟಮ್ ಬಳಸಿದವರು ಎಂದು ನೀರಿನ ವಿಭಾಗದವರು ಬಂದರು. ಶಾಲಾ ವಿಭಾಗದವರು ಬಂದರು. ಸತ್ತದ್ದರ ವಿಚಾರವಾದ್ದರಿಂದ ತನಗೂ ಸಂಬಂಧವಿದೆ ಎಂದು ಸ್ಮಶಾನದ ಮೇಲ್ವಿಚಾರಕ ಬಂದ. ಪ್ರತಿ ಸಲವೂ ಯಾವುದೋ ಒಂದು ತಲೆ ಆಡದೆ ಉಳಿಯುತ್ತಿತ್ತು, ಸಾಮಾನ್ಯವಾಗಿ ಬಾಯಿ ತುಂಬಿದ್ದವರದು.

ಸೆಮ್ಲಾ ಮಂಗಳವಾರ ಊರಿಗೆ ಊರೇ ಬಾಧಿತವಾಯಿತು. ಸಭೆಯನ್ನು ಊರಿನ ಐಸ್-ಹಾಕಿ ಕ್ರೀಡಾಂಗಣಕ್ಕೆ ಬದಲಾಯಿಸಬೇಕಾಯಿತು. ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೂ ವಿಚಾರಿಸಿ ಒಳಬಿಟ್ಟವನು ನಾನೇ.

“ಫೋಲ್ಡರಿನಿಂದ ನಿಂಗೇನಮ್ಮ ಬಾಧೆ?” ಎಂದು ಒಬ್ಬಾಕೆಯನ್ನು ಕೇಳಿದೆ.

“ಹಸಿವು ಅಂತ ಬರ್ಕೋ,” ಎಂದಳು.

ಬರೆದುಕೊಂಡೆ. ಹಾಲ್ವಾರ್ ಅಂದು ಬೆಳಿಗ್ಗೆಯಿಂದ ಬೇಯಿಸಿದ್ದೆಲ್ಲವೂ ಕಲಾಪದಲ್ಲಿ ಖರ್ಚಾಯಿತು. ಅವನು ಬೆವರೊರೆಸಿಕೊಳ್ಳುತ್ತಾ ನಗುತ್ತಿದ್ದ.

ಫೋಲ್ಡರ್ ಅಳಿಸಬಹುದೇ ಎಂದು ನಾನು ಬರೆದು ಕೇಳಿದ್ದಕ್ಕೆ, ಹಿಮ ಕರಗುವ ಹೊತ್ತಿಗೆ ರಾಜಧಾನಿಯ ದಾಖಲೆ ಇಲಾಖೆಯಿಂದ ಒಪ್ಪಿಗೆ ಬಂತು: ಅಳಿಸಬಹುದು. ಬಳಗ ಕೊನೆಯ ಬಾರಿಗೆ ಸೇರಿತು. ಅಂದು ದಾಲ್ಚಿನ್ನಿ ಬನ್ನು. ಕ್ಯೆಲ್ ಗುಂಡಿಯ ಮೇಲೆ ಬೆರಳಿಟ್ಟು ಕೂತ. ಡಾಗ್ನಿ ಪದ್ಧತಿಯಂತೆ, “ಯಾರದಾದ್ರೂ ತಕರಾರಿದೆಯಾ?” ಎಂದಳು. ಇದು ಉತ್ತರ ಬೇಡದ ಪ್ರಶ್ನೆ ಎಂದು ನಮ್ಮಲ್ಲಿ ಹಾಲುಗಲ್ಲದ ಮಗುವಿಗೂ ಗೊತ್ತು.

ಹಾಲ್ವಾರ್ ಕೈ ಎತ್ತಿದ.

“ಅಳಿಸಿದ್ರೆ ನಾಳೇನೇ ಪರವಾನಗಿ ನಿನ್ನ ಕೈಲಿರುತ್ತೆ, ಹಾಲ್ವಾರ್,” ಎಂದಳು ಡಾಗ್ನಿ ಮೆಲ್ಲಗೆ.

“ಗೊತ್ತು. ಬಂದ್ರೆ ಅಂಗಡಿ ತೆಗೀಬೇಕು. ತೆಗೆದ್ರೆ, ಜನ ಬರ್ತಾರೋ ಇಲ್ವೋ ಅಂತ ಬಾಗಿಲು ಕಾಯ್ಕೊಂಡು ಕೂರ್ಬೇಕು. ಇಲ್ಲಾದ್ರೆ ಫೋಲ್ಡರ್ ಇರೋವರೆಗೆ ಸಭೆ, ಸಭೆ ಇರೋವರೆಗೆ ಬನ್ನು.” ಅವನು ತಟ್ಟೆಯನ್ನೇ ನೋಡುತ್ತಿದ್ದ. “ನಂಗೆ ಹೆದರಿಕೆ ಆಗುತ್ತೆ, ಡಾಗ್ನಿ. ಈಗ್ಲೇ ಬೇಡ.”

ಎಲ್ಲರ ಕಣ್ಣೂ ತಟ್ಟೆಯ ಕಡೆ ಹೋಯಿತು. ಕಡೆಗೆ ಸ್ಮಶಾನದ ಮೇಲ್ವಿಚಾರಕ ಗಂಟಲು ಸರಿಮಾಡಿಕೊಂಡು, “ನನ್ನ ಅನುಭವದಲ್ಲಿ ಮಣ್ಣು ಮಾಡೋಕೆ ಅವಸರ ಪಟ್ಟೋರು ಯಾರೂ ಸುಖಪಟ್ಟಿಲ್ಲ,” ಎಂದು ತಲೆಯಾಡಿಸಿದ. ಆಮೇಲೆ ನೀರಿನವರು, ಶಾಲೆಯವರು, ಡಾಗ್ನಿ, ನಾನು. ಕ್ಯೆಲ್ ಬೆರಳು ತೆಗೆದು ಆ ಕೈಗೆ ಬನ್ನು ತೆಗೆದುಕೊಂಡ. ಬಳಗ ಹುಟ್ಟಿದ ಮೇಲೆ, ಫೋಲ್ಡರಿನ ವಿಚಾರದಲ್ಲಿ ಒಂದು ತಲೆಯೂ ಆಡದೆ ಉಳಿಯದ ಸಭೆ ಅದೊಂದೇ.

ತೀರ್ಮಾನವನ್ನು ನಾನೇ ಗಟ್ಟಿಯಾಗಿ ಓದಿದೆ: “ಅರ್ಜಿದಾರನ ಹಿತದೃಷ್ಟಿಯಿಂದ, ಅವನು ಕೇಳಿದ್ದನ್ನು ಅವನಿಗೆ ಕೊಡದಿರಲು ಒಮ್ಮತದಿಂದ ನಿರ್ಧರಿಸಲಾಗಿದೆ.” ಹಾಲ್ವಾರ್ ಎದ್ದು ಬಂದು ಒಬ್ಬೊಬ್ಬರ ಕೈಯನ್ನೂ ಕುಲುಕಿದ. ಅವನ ಕಣ್ಣು ಒದ್ದೆಯಾಗಿತ್ತು.

“ಅಂದ ಹಾಗೆ, ಈ ಹೊಸ ಸಿಸ್ಟಮ್ಮೂ ಹಳೇದಾಗ್ತಾ ಬಂತು,” ಎಂದ ಕ್ಯೆಲ್ ಬನ್ನು ಅಗಿಯುತ್ತಾ. “ಶರತ್ಕಾಲಕ್ಕೆ ಇನ್ನೊಂದು ಬರುತ್ತೆ. ಆಗ ಇದೂ ಒಂದು ಫೋಲ್ಡರೇ.”

“ಅದಕ್ಕೆ ಬೇರೆ ಬಳಗ ಮಾಡ್ತೀರಾ?” ಎಂದು ಹಾಲ್ವಾರ್ ನನ್ನನ್ನು ಕೇಳಿದ.

ನಿಯಮದ ಪ್ರಕಾರ ಮಾಡಲೇಬೇಕು ಎಂದೆ.

“ಹಾಗಾದ್ರೆ ಇನ್ನೊಂದು ಒಲೆ ತರಿಸ್ತೀನಿ,” ಎಂದ.