ಕದಿರೇಶಪ್ಪನವರು ಆರಿಸಿಕೊಂಡ ಆರ್ಕೆಸ್ಟ್ರಾ

ಎಂಬತ್ತರ ದಶಕದ ಆರ್ಕೆಸ್ಟ್ರಾಗಳು ಒಂದೂ ಉಳಿದಿಲ್ಲವೆಂದು ಕೋಲಾರದ ಕದಿರೇಶಪ್ಪನವರು ತಾಲ್ಲೂಕು ಕಚೇರಿಯಿಂದ ನಿವೃತ್ತರಾದಂದಿನಿಂದ ಕೊರಗುತ್ತಿದ್ದರು. ಕೊರಗಿಗೆ ಫಲ ಸಿಕ್ಕಿತು, ಆದರೆ ಸ್ವಲ್ಪ ಹೆಚ್ಚಾಗಿಯೇ ಸಿಕ್ಕಿತು. ಹಳೆಯ ಎರಡು ತಂಡಗಳು ಒಂದೇ ಭಾನುವಾರ, ಒಂದೇ ಹೊತ್ತಿಗೆ ಎದ್ದು ಕೂತವು. ಇಸ್ಮಾಯಿಲ್ ಅಂಡ್ ಪಾರ್ಟಿಯ ಕಾರ್ಯಕ್ರಮ ಮನೆಯಿಂದ ನಡೆದೇ ಹೋಗಬಹುದಾದ ಕಲ್ಯಾಣ ಮಂಟಪದಲ್ಲಿ. ಮಧುವನ ಮೆಲೋಡೀಸ್‌ದು ಮುಳಬಾಗಿಲಿನಲ್ಲಿ.

ಮಧುವನದಲ್ಲಿ ರಜನಿ ಹಾಡುತ್ತಿದ್ದಳು. (ಈ ವಾಕ್ಯವನ್ನು ಕದಿರೇಶಪ್ಪನವರು ಮನೆಯಲ್ಲಿ ಎಂದೂ ಆಡಿದವರಲ್ಲ.) ಕಾಲೇಜಿನಲ್ಲಿದ್ದಾಗ ಗಣೇಶನ ಹಬ್ಬ ಬಂತೆಂದರೆ ಮಾಲೂರು, ಶ್ರೀನಿವಾಸಪುರ, ವೇಮಗಲ್ ಎಂದು ಮಧುವನದ ವ್ಯಾನಿನ ಹಿಂದೆಯೇ ಸೈಕಲ್ ತುಳಿದವರು ಅವರು. ನೀಲಿ ಸೀರೆಯುಟ್ಟ ರಜನಿ ಮೈಕಿನ ಮುಂದೆ ನಿಂತಾಗ ತನ್ನನ್ನೇ ನೋಡಿ ಹಾಡುತ್ತಿದ್ದಾಳೆಂಬುದು ಅವರ ಖಚಿತ ಅಭಿಪ್ರಾಯವಾಗಿತ್ತು. ಪೆಂಡಾಲಿನಲ್ಲಿದ್ದ ಉಳಿದ ಹುಡುಗರ ಅಭಿಪ್ರಾಯವೂ ಅದೇ ಆಗಿತ್ತೆಂಬುದು ಬೇರೆ ಮಾತು.

“ಇಸ್ಮಾಯಿಲ್ ಸಾಹೇಬ್ರ ಅಕಾರ್ಡಿಯನ್ ಕೇಳಿ ಎಷ್ಟು ವರ್ಷ ಆಯ್ತು! ಅಲ್ಲಿಗೇ ಹೋಗೋಣ ರೀ” ಎಂದರು ಹೆಂಡತಿ ವೆಂಕಟರತ್ನಮ್ಮ, ಅವರೆಕಾಯಿ ಬಿಡಿಸುತ್ತ.

“ಅಕಾರ್ಡಿಯನ್ನಲ್ಲಿ ಏನೇ ಇದೆ? ಎಳೆಯೋದು, ಒತ್ತೋದು. ಮಧುವನದಲ್ಲಿ ಡ್ರಮ್ಸ್ ಇದೆ ಕಣೇ. ಲಯ! ಸಂಗೀತಕ್ಕೆ ಅದೇ ಅಡಿಪಾಯ.”

“ಮಿಕ್ಸಿ ಹಾಕಿದ್ರೆ ತಲೆನೋವು ಅಂತ ಮಹಡಿ ಹತ್ತೋರಿಗೆ ಡ್ರಮ್ಸ್ ಬೇಕಾ?”

“ಅದು ಶಬ್ದ. ಇದು ನಾದ.”

“ಸರಿ, ಆ ಡ್ರಮ್ಸ್ ಬಾರಿಸೋರ ಹೆಸರೇನು?”

ಕದಿರೇಶಪ್ಪನವರು ಕನ್ನಡಕ ತೆಗೆದು ಒರೆಸಿದರು. “ನಾದಕ್ಕೆ ಹೆಸರು ಯಾಕೆ ರತ್ನಾ?”

ಇನ್ನೂ ವಾರವಿಡೀ ವಾದಿಸಲು ಅವರು ಸಿದ್ಧರಾಗಿದ್ದರು. ಆದರೆ ವೆಂಕಟರತ್ನಮ್ಮ ಅವರೆಕಾಳಿನ ಬೋಗುಣಿ ಎತ್ತಿಕೊಂಡು, “ಹೋಗಲಿ ಬಿಡಿ. ನೀವು ಅಲ್ಲಿಗೆ ಹೋಗಿ, ನಾನು ಪಕ್ಕದ್ಮನೆ ಅನಿತನ ಜೊತೆ ಇಲ್ಲಿಗೆ ಹೋಗ್ತೀನಿ” ಎಂದು ಒಳಗೆ ನಡೆದುಬಿಟ್ಟರು. ಮದುವೆಯಾದ ಮೇಲೆ ಇಷ್ಟು ಸಲೀಸಾಗಿ ಕದಿರೇಶಪ್ಪನವರು ಏನನ್ನೂ ಗೆದ್ದಿರಲಿಲ್ಲ. ಅನುಮಾನ ಪಡಬೇಕಾದದ್ದು ಆಗಲೇ.

ಭಾನುವಾರ ಮಧ್ಯಾಹ್ನ ಮೀಸೆಗೆ ಬಣ್ಣ ಹಚ್ಚಿ, ಇಸ್ತ್ರಿ ಅಂಗಿ ತೊಟ್ಟು, ಸೆಂಟು ಪೂಸಿಕೊಂಡು ಹೊರಟರು.

“ಡ್ರಮ್ಸಿಗೆ ಸೆಂಟಾ?” ಎಂದರು ವೆಂಕಟರತ್ನಮ್ಮ.

“ಬಸ್ಸಲ್ಲಿ ಜನ ಇರ್ತಾರೆ ಕಣೇ” ಎಂದು ಕದಿರೇಶಪ್ಪನವರು ಗೇಟು ದಾಟಿದರು.

ಮುಳಬಾಗಿಲಿನ ಸಭಾಂಗಣದಲ್ಲಿ ಮೊದಲ ಸಾಲಿನ ನಡುವಣ ಕುರ್ಚಿಯೇ ಸಿಕ್ಕಿತು. ತೆರೆ ಸರಿಯಿತು. ತಂಡದ ಯಜಮಾನ ಉಮಾಶಂಕರ್, ಪೊದೆಮೀಸೆಯ ಭಾರೀ ಆಸಾಮಿ, ಮೈಕ್ ಹಿಡಿದರು.

“ನಮ್ಮ ರಜನಿ ಮೇಡಂ ಈಗ ಇಸ್ಮಾಯಿಲ್ ಅವರ ಪಾರ್ಟಿಗೆ ಸೇರಿದ್ದಾರೆ, ಇವತ್ತು ಕೋಲಾರದಲ್ಲಿ ಹಾಡ್ತಿದ್ದಾರೆ. ಯಾರೂ ಬೇಜಾರು ಮಾಡ್ಕೋಬಾರದು. ಅವರ ಹಾಡುಗಳನ್ನೆಲ್ಲ ನಾನೇ ಹೆಣ್ಣು ಧ್ವನೀಲಿ ಹಾಡ್ತೀನಿ.”

ಹಾಡಿಯೂಬಿಟ್ಟರು. ಅದೂ ಕಣ್ಣು ಮಿಟುಕಿಸಿ, ಮೊದಲ ಸಾಲಿನ ನಡುವಣ ಕುರ್ಚಿಯನ್ನೇ ನೋಡುತ್ತ. ಎದ್ದು ಹೋಗೋಣವೆಂದರೆ ಎರಡೂ ಕಡೆ ಜನ, ಎಲ್ಲರ ಮಂಡಿಗಳೂ ಅಡ್ಡ. ಯಜಮಾನರು ಮೂರನೆಯ ಸಲ ಹೆಣ್ಣಿನಂತೆ ನಾಚಿಕೊಳ್ಳುವ ಹೊತ್ತಿಗೆ ಫೋನು ಬಂತು. ಕದಿರೇಶಪ್ಪನವರು ಅದನ್ನೇ ನೆಪ ಮಾಡಿಕೊಂಡು ಎಲ್ಲರ ಕಾಲು ತುಳಿದು ಹೊರಗೆ ಬಂದರು.

“ಡ್ರಮ್ಸ್ ಹೇಗಿದೆ ರೀ?” ಎಂದರು ವೆಂಕಟರತ್ನಮ್ಮ.

“ಲಯಬದ್ಧವಾಗಿದೆ.”

“ಇಲ್ಲಿ ರಜನಿ ಅಂತ ಒಬ್ರು ಹಾಡಿದ್ರು. ಅಬ್ಬಾ, ಎಂಥಾ ಕಂಠ! ಟೀ ಬ್ರೇಕಲ್ಲಿ ಮಾತಾಡಿಸ್ದೆ. ಊಟಕ್ಕೆ ನಮ್ಮನೆಗೇ ಬರ್ತಿದ್ದಾರೆ. ನೀವು ಬರೋವಾಗ ಮೊಸರು ತನ್ನಿ.”

ಕದಿರೇಶಪ್ಪನವರು ಹೇಗೆ ಬಸ್ಸು ಹತ್ತಿದರೋ ಅವರಿಗೇ ಗೊತ್ತಿಲ್ಲ. ದಾರಿಯುದ್ದಕ್ಕೂ ರಜನಿಗೆ ಹೇಳಬೇಕಾದ ಮೊದಲ ಮಾತನ್ನು ಕಟ್ಟಿದರು, ಒಡೆದರು, ಮತ್ತೆ ಕಟ್ಟಿದರು. ‘ತಮ್ಮ ಗಾನಮಾಧುರಿಯ ಹಳೆಯ ಆರಾಧಕ’ ಎಂಬಲ್ಲಿಗೆ ಕೋಲಾರ ಬಂತು. ಬಸ್ ನಿಲ್ದಾಣದ ಎದುರು ಮೊಸರು ಕೊಂಡು ಓಡುನಡಿಗೆಯಲ್ಲೇ ಮನೆ ಸೇರಿದರು.

ನಡುಮನೆಯಲ್ಲಿ ಅನಿತಳ ಪಕ್ಕ ಕನ್ನಡಕ ಹಾಕಿದ, ಕೂದಲು ನೆರೆತ, ತುಂಬು ಮುಖದ ಹೆಂಗಸು ಊಟಕ್ಕೆ ಕೂತಿದ್ದರು. ನಕ್ಕಾಗ ಮಾತ್ರ ರಜನಿಯೇ ಎಂದು ತಿಳಿಯಿತು. ಕದಿರೇಶಪ್ಪನವರ ಎದೆ ಕಾಲೇಜಿನ ದಿನಗಳಂತೆಯೇ ಹೊಡೆದುಕೊಂಡಿತು. ಗಂಟಲು ಸರಿಮಾಡಿಕೊಂಡು, “ತಮ್ಮ ಗಾನ...” ಎಂದರು.

“ಅನ್ನಾ!” ಎಂದರು ರಜನಿ ಅಕ್ಕರೆಯಿಂದ.

ಕದಿರೇಶಪ್ಪನವರು ಅನ್ನದ ಪಾತ್ರೆಯನ್ನು ಅವರತ್ತ ಸರಿಸಿದರು. ಕೋಲಾರದಲ್ಲಿ ಹುಟ್ಟಿ ಬೆಳೆದವರಿಗೆ ತೆಲುಗು ಬಾರದ್ದೇನಲ್ಲ. ಆದರೆ ಕೆಲವು ಮಾತುಗಳನ್ನು ಅರ್ಥ ಮಾಡಿಕೊಳ್ಳಲಾರೆನೆಂದು ಕಿವಿಯೇ ಹಠ ಹಿಡಿಯುತ್ತದೆ.

“ಅನ್ನ ಅಲ್ಲ ರೀ, ಅಣ್ಣ! ನಿಮ್ಮನ್ನೇ ಕರೀತಿರೋದು” ಎಂದರು ವೆಂಕಟರತ್ನಮ್ಮ, ಮೊಸರು ಬಡಿಸುತ್ತ. “ವರಸೆ ಕೇಳಿದ್ರೆ ಆಶ್ಚರ್ಯ ಪಡ್ತೀರ. ಆವನಿಯಲ್ಲಿ ನಿಮ್ಮ ಚಿಕ್ಕಮ್ಮ ಮುನಿಯಲ್ಲಮ್ಮ ಇದ್ದಾರಲ್ಲ, ಅವರ ವಾರಗಿತ್ತಿ ಮಗಳಂತೆ ಇವರು. ಅಂದ್ರೆ ನಿಮಗೆ ತಂಗಿ. ನಾನೇ ಕೆದಕಿ ಕೆದಕಿ ಕೇಳಿ ಪತ್ತೆ ಮಾಡ್ದೆ.”

“ಅಷ್ಟೊಂದು ಯಾಕೆ ಕೆದಕೋಕೆ ಹೋದೆ?” ಎಂದರು ಕದಿರೇಶಪ್ಪನವರು ಕ್ಷೀಣವಾಗಿ.

“ನಿಮಗೆ ಒಡಹುಟ್ಟಿದ ಹೆಣ್ಮಕ್ಳಿಲ್ಲ ನೋಡಿ, ಅದಕ್ಕೆ.”

ಊಟವಾದ ಮೇಲೆ ವೆಂಕಟರತ್ನಮ್ಮ ಹೊಸ ಸೀರೆ, ಅರಿಶಿನ ಕುಂಕುಮ, ಬಳೆ, ಬಾಳೆಹಣ್ಣು ಜೋಡಿಸಿದ ತಟ್ಟೆ ತಂದು ಗಂಡನ ಕೈಗಿಟ್ಟರು. “ತಂಗಿ ಮೊದಲ ಸಲ ತವರಿಗೆ ಬಂದಿದ್ದಾಳೆ. ನಿಮ್ಮ ಕೈಯಾರೆ ಕೊಡಿ.”

ಕದಿರೇಶಪ್ಪನವರು ಕೊಟ್ಟರು. ರಜನಿ ಕಣ್ಣು ತುಂಬಿಕೊಂಡು, ಸೆರಗು ಹೊದ್ದು, ಬಗ್ಗಿ ಅವರ ಕಾಲು ಮುಟ್ಟಿ ನಮಸ್ಕರಿಸಿದರು. ಅನಿತ ಅದನ್ನು ಮೊಬೈಲಿನಲ್ಲಿ ಹಿಡಿದುಕೊಂಡಳು.

“ಆಶೀರ್ವಾದ ಮಾಡ್ರೀ, ಎಷ್ಟು ಹೊತ್ತು ಬಗ್ಗಿರ್ಬೇಕು ಪಾಪ?” ಎಂದರು ವೆಂಕಟರತ್ನಮ್ಮ.

ಕದಿರೇಶಪ್ಪನವರು ಕೈ ಎತ್ತಿದರು. “ನೂರ್ಕಾಲ ಚೆನ್ನಾಗಿರು...” ಎನ್ನುವವರೆಗೆ ಮಾತು ಅವರ ಹಿಡಿತದಲ್ಲೇ ಇತ್ತು. ಕೊನೆಯ “ತಾಯೀ” ಮಾತ್ರ ತಾನಾಗಿಯೇ ಬಾಯಿಂದ ಬಿತ್ತು.