ಬೋರಿನ ಬಾಯಿಗೆ ಕರ್ಪೂರ

ಹೆದರುವುದು ನನ್ನ ಹುಟ್ಟುಗುಣ. ಅದನ್ನು ಮುಚ್ಚಿಡುವುದಕ್ಕೇ ವಿಜ್ಞಾನದ ಮೇಷ್ಟ್ರಾದೆನೋ ಏನೋ! ರಾಯದುರ್ಗದ ಶಾಲೆಯಲ್ಲಿ ಇಷ್ಟು ವರ್ಷ ಹೈಡ್ರೋಜನ್ ಪಾಠ ಮಾಡಿದ್ದೇನೆ; ಪ್ರನಾಳದ ಬಾಯಿಗೆ ಉರಿಯುವ ಕಡ್ಡಿ ಹಿಡಿದು 'ಟಪ್' ಅನ್ನಿಸುವ ಕೆಲಸ ಮಾತ್ರ ಯಾವಾಗಲೂ ಅಟೆಂಡರ್ ಓಬಳೇಶನದು. ನಾನು ಬಾಗಿಲ ಹತ್ತಿರ ನಿಂತು, "ಎಲ್ಲಾರಿಗೂ ಕೇಳಿಸ್ತೇನ್ರೋ?" ಎನ್ನುತ್ತಿದ್ದೆ.

ಅಂಥವನ ಹಿತ್ತಿಲಿಗೇ ಆ ಅನಿಲ ಬರಬೇಕೇ! ಹೋದ ಸೋಮವಾರ ಭೂಗರ್ಭ ಸರ್ವೆಯ ಹೆಣ್ಣುಮಗಳೊಬ್ಬಳು ಬಂದು ನಮ್ಮ ಬೋರಿನ ಬಾಯಿಗೆ ನಳಿಕೆ ಇಳಿಸಿ ಗಾಳಿ ಎಳೆದುಕೊಂಡಳು. ನೆಲದಾಳದಲ್ಲಿ ಕಬ್ಬಿಣದ ಅಂಶವಿರುವ ಕಲ್ಲಿಗೆ ನೀರು ತಾಗಿ ಹೈಡ್ರೋಜನ್ ತಾನಾಗಿಯೇ ಹುಟ್ಟುತ್ತದಂತೆ. ಕಲ್ಲಿದ್ದಲಿನ ಹಾಗೆ ಹೊಗೆಯಿಲ್ಲ, ಉರಿದರೆ ಬರೀ ನೀರು. ಸಾಕಷ್ಟು ಸಿಕ್ಕರೆ ಭೂಮಿಯ ಕಾವೇರುವುದು ಒಂದಿಷ್ಟು ತಗ್ಗೀತು ಎಂದಳು. ನಮ್ಮೂರ ಬಿಸಿಲು ಕಂಡವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕೇ? ನನ್ನ ಕಿವಿಗೆ ಬಿದ್ದದ್ದು ಮಾತ್ರ ಕೊನೆಯ ಮಾತು: "ರಿಪೋರ್ಟ್ ಬರೋ ತನಕ ಇಲ್ಲಿ ಬೆಂಕಿ ಬೇಡ ಸಾರ್."

ಹೈಡ್ರೋಜನ್ ಹೊತ್ತಿಕೊಂಡರೆ ಆ ಉರಿ ಹಗಲಲ್ಲಿ ಕಣ್ಣಿಗೆ ಕಾಣುವುದೂ ಕಷ್ಟ. ಹಾಗಾಗಿ ಹಿತ್ತಿಲಲ್ಲಿ ಕೈ ಮುಂದೆ ಚಾಚಿಕೊಂಡೇ ನಡೆಯತೊಡಗಿದೆ. ಬೆಂಕಿಪೊಟ್ಟಣವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಹೆಂಡತಿ ಗೌರಿಯೋ, ಬೋರಿಗೆ ನೀರು ಬಿದ್ದ ದಿನದಿಂದ ಪ್ರತಿ ಶುಕ್ರವಾರ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಕರ್ಪೂರ ಬೆಳಗುವವಳು. "ನಿನಗೇನಾರ ಆದ್ರ ನಾನು ಉಳಿಯಂಗಿಲ್ಲ ನೋಡು" ಎಂದು ಅತ್ತೇಬಿಟ್ಟೆ. ನಾಟಕವಲ್ಲ, ನಿಜವಾದ ಅಳುವೇ. ಅವಳು ಕರಗಿದಳು. "ಆತು ಬಿಡ್ರಿ, ಆಕಿ ಹೇಳೋ ತನಕ ಹಚ್ಚಂಗಿಲ್ಲ" ಎಂದಳು.

ಗುರುವಾರವೇ ಸರ್ವೆಯವಳ ಫೋನು ಬಂತು. "ಲೆಕ್ಕಕ್ಕಿಲ್ಲದಷ್ಟು ಕಮ್ಮಿ ಐತೆ ಸಾರ್. ಏಮೀ ಭಯಂ ಲೇದು, ಏನೂ ಭಯ ಇಲ್ಲ, ದೀಪ ಹಚ್ಕೊಳ್ಳಿ." ಭೂಮಿ ತಂಪಾಗಲಿಲ್ಲವಲ್ಲ ಎಂದು ಆಕೆಯ ದನಿ ಸಪ್ಪಗಿತ್ತು. ನನಗೆ ಆ ರಿಪೋರ್ಟಿನ ಮೇಲೆ ನಂಬಿಕೆ ಬರಲಿಲ್ಲ.

ಶುಕ್ರವಾರ ಬೆಳಿಗ್ಗೆ ಗೌರಿ ಬೀರುವಿನಿಂದ ಬೆಂಕಿಪೊಟ್ಟಣ ತೆಗೆದುಕೊಂಡು ಕರೆದಳು. "ಬರ್ರಿ, ಯಾಕ ಹೆದರ್ತೀರಿ? ನಾನಿಲ್ಲೇನು?" ಹೋಗಿ ಪಕ್ಕದಲ್ಲಿ ನಿಂತು ಕಣ್ಣು ಮುಚ್ಚಿದೆ. ಕಡ್ಡಿ ಗೀರಿದ ಸದ್ದು, ಕರ್ಪೂರದ ವಾಸನೆ, ಆಮೇಲೆ 'ಟಪ್'! ಕಣ್ಣು ಬಿಟ್ಟಾಗ ನಾನು ಬೀದಿಯಾಚೆ ಹಾಲಿನ ಅಂಗಡಿಯ ಮುಂದಿದ್ದೆ.

ಗೌರಿ ಗೇಟಿನ ತನಕ ಬಂದಳು. ಕೈಯಲ್ಲಿ ಆಗಷ್ಟೇ ಒಡೆದ ತೆಂಗಿನಕಾಯಿಯ ಎರಡು ಹೋಳು. ಬೈಯಲಿಲ್ಲ, ನಗಲೂ ಇಲ್ಲ. "ನನ್ನ ಕೈ ಹಿಡಕೊಂಡು ಓಡಬೌದಿತ್ತಲ್ರಿ?" ಎಂದಳು.

"ಹಿಂದಿಂದ ನೀನೂ ಬರ್ತಿ ಅಂದ್ಕಂಡೆ" ಎಂದೆ.

ಈಗ ಬೋರಿನ ಹತ್ತಿರ ಹೋಗಲು ನನಗೆ ಒಂಚೂರೂ ಹೆದರಿಕೆಯಿಲ್ಲ. ಅವಳೆದುರು ಕೂತು ಉಣ್ಣುವುದಕ್ಕೇ ಹೆದರಿಕೆ.