ಕಲ್ಲು ಜಗಲಿಗೆ ಮೆತ್ತೆ ಹೊಲಿದವನ ನಾಚಿಕೆಗಳು

ಕೈಕೆಲಸದವನನ್ನು ನಾಚಿಕೆ ಹುಡುಕಿಕೊಂಡು ಬರುತ್ತದೆ ಅನ್ನುತ್ತಾರೆ. ನನ್ನ ಪಾಲಿಗಂತೂ ಅದು ನಾನು ಹೋಗುವ ಮನೆಗೆ ನನಗಿಂತ ಮೊದಲೇ ಹೋಗಿ ಕೂತಿರುತ್ತಿತ್ತು.

ನಾನು ಬೆಂಗಳೂರಿನ ದಂಡು ಪ್ರದೇಶದಲ್ಲಿ ಒಬ್ಬ ಮುದುಕ ಉಸ್ತಾದರ ಹತ್ತಿರ ಕುರ್ಚಿ, ಸೋಫಾಗಳಿಗೆ ಮೆತ್ತೆ ಹೊಲಿಯುವುದನ್ನು ಕಲಿತು ಕಡೂರಿಗೆ ವಾಪಸು ಬಂದವನು. ಆಗ ನಮ್ಮ ಕಡೆ ಅನುಕೂಲಸ್ಥರ ಹಜಾರ ಅಂದರೂ ಕಲ್ಲು ಚಪ್ಪಡಿಯ ನೆಲ, ಕಲ್ಲಿನ ಜಗಲಿ, ಮರದ ಕಂಬ, ಕೂರಲು ಒಂದು ಮಣೆ, ಅಷ್ಟೇ. ಸರ್ಕಾರಿ ಬಂಗಲೆಗೆ ಹೋಗಿ ಬಂದವರಿಗೆ ತಮ್ಮ ಮನೆಯಲ್ಲೂ ಒಂದು ಮೆತ್ತನೆಯ ಆಸನ ಇರಲಿ ಅಂತ ಆಸೆ ಹುಟ್ಟುತ್ತಿದ್ದ ಕಾಲ ಅದು. ಕಲ್ಲಿಗೆ, ಮರಕ್ಕೆ ಮೆತ್ತೆ ಹೊಂದಿಸುವ ವಿದ್ಯೆ ಈ ಸೀಮೆಯಲ್ಲಿ ನನ್ನೊಬ್ಬನಿಗೇ ಗೊತ್ತು ಅಂತ ಹೇಳಿಕೊಂಡು ತಿರುಗುತ್ತಿದ್ದೆ. ಎಷ್ಟು ಗೊತ್ತಿತ್ತು ಅನ್ನುವುದನ್ನು ಈಗ ಹೇಳಲು ಅಡ್ಡಿಯಿಲ್ಲ. ಆ ಕೆಲಸ ಬಿಟ್ಟು ಬಹಳ ದಿನವಾಯಿತು.

೧. ಪುಣ್ಯದ ಕೆಲಸ

ಮೊದಲ ಕೆಲಸ ಕಡೂರಿನಲ್ಲೇ, ಕೊಬ್ಬರಿ ಮಂಡಿಯ ಸಾಹುಕಾರರ ಮನೆಯಲ್ಲಿ. ಅವರ ತಾತನ ಕಾಲದ ಕಲ್ಲು ಜಗಲಿ ಕೂತು ಕೂತು ಕನ್ನಡಿಯಂತಾಗಿತ್ತು. ಅದರ ಮೇಲೆ ಹಸಿರು ಮಕಮಲ್ಲಿನ ಮೆತ್ತೆ ಬೇಕು, ಆದರೆ ಜಾರಬಾರದು ಅಂದರು ಸಾಹುಕಾರರು.

ಕಲ್ಲಿಗೆ ಮೊಳೆ ಹೊಡೆಯಲಾಗುವುದಿಲ್ಲ. ಒಂದು ರಾತ್ರಿಯೆಲ್ಲ ಯೋಚಿಸಿದೆ. ಗಾರೆ ಕೆಲಸದವರು ಸುಣ್ಣಕ್ಕೆ ಬೆಲ್ಲ ಹಾಕುವುದು ನೆನಪಿಗೆ ಬಂತು. ಬೆಲ್ಲದ ಪಾಕಕ್ಕೆ ಹಿಟ್ಟು ಕಲೆಸಿ, ಅಂಟು ಮಾಡಿ, ಮೆತ್ತೆಯನ್ನು ಕಲ್ಲಿಗೆ ಅಂಟಿಸಿದೆ. ಎತ್ತು ಕಟ್ಟಿ ಎಳೆದರೂ ಬರುವ ಹಾಗಿರಲಿಲ್ಲ.

ನಾಲ್ಕನೆಯ ದಿನ ತಾಲ್ಲೂಕಿನ ಅಮಲ್ದಾರರು ಆ ಮನೆಗೆ ಬರುತ್ತಾರೆ ಅಂತ ಗೊತ್ತಾಗಿ, ಒಗೆದ ಪಂಚೆ ಉಟ್ಟು ಬಾಗಿಲ ಹತ್ತಿರ ನಿಂತೆ. ಹೊಗಳಿಕೆ ಬಂದರೆ ಎದುರಿಗಿರಬೇಕಲ್ಲ. ಅಮಲ್ದಾರರು ಕೂತರು, ಮೆತ್ತೆಯನ್ನು ತಟ್ಟಿ ನೋಡಿ 'ಚೆನ್ನಾಗಿದೆ' ಅಂದರು. ಮಾತು ಕಂದಾಯಕ್ಕೆ ತಿರುಗಿತು. ಮಧ್ಯದಲ್ಲಿ ಅವರು ಸ್ವಲ್ಪ ಈ ಕಡೆ ಸರಿದರು, ಸ್ವಲ್ಪ ಆ ಕಡೆ. ಆಮೇಲೆ ಎದ್ದು, 'ನಿಮ್ಮ ತೋಟ ನೋಡೋಣ ನಡೀರಿ' ಅಂದವರು ತೋಟದ ಬಾಗಿಲು ಬಿಟ್ಟು ನೇರ ಬಚ್ಚಲಮನೆಗೆ ಓಡಿದರು.

ಸಾಹುಕಾರರು ಮೆತ್ತೆಯ ಅಂಚಿನ ಹೊಲಿಗೆ ಕಿತ್ತು ನೋಡಿದರೆ ಕೆಂಪಿರುವೆಗಳು ಮೊಟ್ಟೆ ಸಮೇತ ಸಂಸಾರ ಹೂಡಿದ್ದವು. ಅವರು ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ. ಅವರ ಹೆಂಡತಿ ಮಾತ್ರ ಅಡುಗೆಮನೆಯಿಂದ ಸಮಾಧಾನವಾಗಿ ಹೇಳಿದರು: 'ಬೈಬ್ಯಾಡಿ ಬಿಡಿ. ಇರುವೆಗೆ ಸಕ್ಕರೆ ಹಾಕಿದ್ರೇ ಪುಣ್ಯ ಅಂತಾರೆ. ಪಾಪ, ಇವ್ರು ಹಾಸಿಗೇನೂ ಹಾಸವ್ರೆ.'

೨. ಗಿಳಿಯ ಕಣ್ಣು

ಇದನ್ನು ಹೇಳದೆ ಬಿಡಬಹುದಿತ್ತು. ಆದರೆ ಹೇಳುತ್ತೇನೆ.

ತರೀಕೆರೆಯಲ್ಲಿ ಕೋರ್ಟಿಗೆ ಹೋಗುವ ಒಬ್ಬ ಪ್ಲೀಡರರ ಮನೆಯಲ್ಲಿ ಬೀಟೆ ಮರದ ಹಳೆಯ ಬೆಂಚಿತ್ತು. ಬೆನ್ನು ಆನಿಸುವ ಹಲಗೆಯ ತುಂಬ ಕೆತ್ತನೆ. ನಡುವೆ ಕೊಕ್ಕಿನಲ್ಲಿ ಮಾವಿನ ಗೊಂಚಲು ಹಿಡಿದ ಒಂದು ಗಿಳಿ. 'ಬೆನ್ನಿಗೆ ಚುಚ್ಚುತ್ತೆ, ಏನಾದ್ರೂ ಮಾಡಿ' ಅಂದರು ಪ್ಲೀಡರು.

ಒರಗಲು ಒಂದು ದಿಂಬು ಹೊಲಿದುಕೊಟ್ಟಿದ್ದರೆ ಸಾಕಿತ್ತು. ನಾನು ಕೈಚಳಕ ತೋರಿಸಲು ಹೋಗಿ ಇಡೀ ಬೆಂಚಿಗೆ ಹತ್ತಿ ತುಂಬಿ, ಕೆಂಪು ಮಕಮಲ್ಲು ಹೊದಿಸಿ, ಸಾಲಾಗಿ ಹಿತ್ತಾಳೆ ಮೊಳೆ ಹೊಡೆದೆ. ಒಂದು ಮೊಳೆ ಗಿಳಿಯ ಕಣ್ಣಿಗೇ ಹೋಗುತ್ತಿದೆ ಅಂತ ಬೆರಳಿಗೆ ತಿಳಿಯಿತು. ಪಕ್ಕಕ್ಕೆ ಸರಿಸಿದರೆ ಸಾಲು ಕೆಡುತ್ತದೆ ಅಂತ ಅಲ್ಲೇ ಹೊಡೆದೆ.

ಮಾರನೆಯ ದಿನ ಬಾಗಿಲು ರಿಪೇರಿಗೆ ಒಬ್ಬ ಮುದುಕ ಬಡಗಿ ಬಂದ. ಹಜಾರದ ಸುತ್ತ ಕಣ್ಣಾಡಿಸಿ ನನ್ನನ್ನೇ ಕೇಳಿದ: 'ಇಲ್ಲೊಂದು ಬೆಂಚಿತ್ತಲ್ಲಪ್ಪ, ಏನಾಯ್ತು?'

'ಇದೇ ತಾತ.'

ಅವನು ಹತ್ತಿರ ಬಂದು, ಹೊದ್ದು ಮಲಗಿದ ಮಗುವಿನ ಜ್ವರ ನೋಡುವ ಹಾಗೆ ಮಕಮಲ್ಲಿನ ಮೇಲೆ ಅಂಗೈ ಆಡಿಸಿದ. ಒಂದು ಕಡೆ ಬೆರಳು ನಿಂತಿತು. 'ಗಿಳಿ ಇಲ್ಲಿ ಇರ್ಬೇಕಲ್ಲ' ಅಂದ. 'ನನ್ ಮದ್ವೆಯಾದ ವರ್ಷ ಕೆತ್ತಿದ್ದು. ಎರಡು ತಿಂಗಳು ಹಿಡೀತು.' ಬೆರಳು ಮೊಳೆಯ ತಲೆಯ ಮೇಲಿತ್ತು.

ನಾನಲ್ಲ ಅನ್ನಬಹುದಿತ್ತು. ಅವನಿಗೆ ನನ್ನ ಪರಿಚಯವಿರಲಿಲ್ಲ. ಆದರೆ ಬಾಯಿಗೆ ಸುಳ್ಳು ಬರಲಿಲ್ಲ. 'ಮೊಳೆ ಹೊಡ್ದೋನು ನಾನೇ ತಾತ' ಅಂದೆ.

ಮುದುಕ ಆ ಮೊಳೆಗಳ ಸಾಲಿನ ಉದ್ದಕ್ಕೂ ಬೆರಳು ಎಳೆದ. ಆಮೇಲೆ ತನ್ನ ಉಳಿ, ಸುತ್ತಿಗೆ ಎತ್ತಿಕೊಂಡು ಬಾಗಿಲ ಕಡೆ ಹೊರಟ. ಹೋಗುತ್ತಾ ಅಂದ: 'ಹೋಗ್ಲಿ ಬಿಡಪ್ಪ. ನಿನ್ ಕೆಲ್ಸ ನೋಡಾಕೆ ಅದಕ್ಕೆ ಕಣ್ಣಿಲ್ದೆ ಇರೋದೇ ವಾಸಿ.'

೩. ಕಾವಲು

ಯಗಟಿಯ ಗೌಡರೊಬ್ಬರ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಹೊನ್ನೆ ಮರದ ಸೋಫಾ ಊರ ಬಡಗಿ ಮಾಡಿಟ್ಟಿದ್ದ. ಮೆತ್ತೆ ಹಾಕುವುದು ನನ್ನ ಪಾಲು. ಒಳಗೆ ತುಂಬಲು ಗೌಡರು ತಮ್ಮ ಮಂದೆಯದೇ ಕುರಿಯುಣ್ಣೆ ಕೊಟ್ಟರು. ಉಣ್ಣೆಯನ್ನು ನಾಲ್ಕೈದು ನೀರಿನಲ್ಲಿ ತೊಳೆದು ಬಿಸಿಲಿಗೆ ಹಾಕಬೇಕು. ಆ ಊರಿನಲ್ಲಿ ನೀರಿಗೆ ಕಷ್ಟ, ನನಗೆ ಸೋಮಾರಿತನ. ಒಂದೇ ನೀರಿನಲ್ಲಿ ಮುಗಿಸಿದೆ, ಕುರಿಯ ವಾಸನೆ ಹೋಗಲಿಲ್ಲ.

ಬೀಗರು ಬರುವ ದಿನ ಬೆಳಗ್ಗೆ ಹಜಾರಕ್ಕೆ ಹೋದರೆ ಗೌಡರ ಕುರಿ ಕಾಯುವ ನಾಯಿ ಸೋಫಾದ ಮುಂದೆ ಮಲಗಿದೆ. ಗೌಡರು ಗದರಿದರು, ರೊಟ್ಟಿ ತೋರಿಸಿದರು, ಏಳಲಿಲ್ಲ. ಅದರ ಲೆಕ್ಕಕ್ಕೆ ಆ ಬಟ್ಟೆಯೊಳಗೆ ತನ್ನ ಮಂದೆ ಇತ್ತು. ಅಷ್ಟರಲ್ಲಿ ಬೀಗರ ಗಾಡಿ ಬಂದುಬಿಟ್ಟಿತು.

ಗಂಡಿನ ತಂದೆ ಒಳಗೆ ಬಂದು ಕೂರಲೆಂದು ಸೋಫಾದ ತೋಳಿನ ಮೇಲೆ ಕೈ ಇಟ್ಟರು. ನಾಯಿ ಹಲ್ಲು ತೋರಿಸಿತು. ಅವರು ಮೆಲ್ಲಗೆ ಕೈ ತೆಗೆದುಕೊಂಡರು. ಗೌಡರು ತಟ್ಟನೆ ಹೆಗಲ ಮೇಲಿನ ಟವಲಿನಿಂದ ನೆಲ ಒರೆಸಿದರು. 'ಬಿಸಿಲಲ್ಲಿ ಬಂದಿದೀರಿ, ನೆಲ ತಣ್ಣಗೈತೆ, ಇಲ್ಲೇ ಕೂತ್ಕಳಾಣ' ಅಂತ ತಾವೇ ಮೊದಲು ಚಪ್ಪಡಿಯ ಮೇಲೆ ಕೂತರು. ಎಲ್ಲರೂ ಕಂಬಕ್ಕೆ ಒರಗಿ ಸುತ್ತ ಕೂತರು.

ಸಂಬಂಧ ಮುರಿದರೆ ಪಾಪ ನನ್ನದೇ ಅಂತ ನಾನು ಅಡುಗೆಮನೆಯ ಬಾಗಿಲ ಹಿಂದೆ ಅವಿತು ನಿಂತಿದ್ದೆ. ಅಲ್ಲೇ ಇಣುಕಿ ನೋಡುತ್ತಿದ್ದ ಮದುವೆ ಹುಡುಗಿ ಮೆಲ್ಲಗೆ ಕೇಳಿದಳು: 'ಮೇಸ್ತ್ರಿ, ಇದ್ರೊಳಗೆ ಬರೀ ಉಣ್ಣೇನಾ, ಕುರೀನೂ ಸೇರ್ಸಿ ಹೊಲ್ದಿದೀರಾ?'

ಆದರೆ ನೆಲದ ಮೇಲೆ ಮಾತು ಸರಾಗವಾಗಿ ಹರಿಯಿತು. ಎಲೆ ಅಡಿಕೆ ಬದಲಾಯಿಸಿಕೊಂಡು ಏಳುವಾಗ ಗಂಡಿನ ತಂದೆ ಹೇಳಿದರು: 'ಮನೇಲಿ ಇಂಥ ಸೋಫಾ ಇಟ್ಕಂಡೂ ನಮ್ ಜೊತೆ ನೆಲದ್ ಮೇಲೆ ಕೂತ್ರಲ್ಲ ಗೌಡ್ರೇ, ನಿಮ್ಮ ವಿನಯ ನೋಡಿ ನಾವು ಒಪ್ಪಿದ್ದು.'

ಗಾಡಿ ಹೋದ ಮೇಲೆ ನಾನು ಕತ್ತರಿ ತೆಗೆದುಕೊಂಡು, ಬಿಚ್ಚಿ ಉಣ್ಣೆ ತೊಳೆದುಕೊಡುತ್ತೇನೆ ಅಂತ ಹೋದೆ. ಗೌಡರು ಕೈ ಹಿಡಿದರು. 'ಮುಟ್ಬ್ಯಾಡ. ಮದ್ವೆ ಮುಗಿಯೋಗಂಟ ನಾಯಿ ಅಲ್ಲೇ ಇರ್ಲಿ.'

೪. ಅಜ್ಜಿ ಹೊರಟಿದ್ದು

ಅಜ್ಜಂಪುರದ ಕಡೆ, ಶಿವನಿ ಸ್ಟೇಷನ್ನಿಗೆ ಹತ್ತಿರದ ಒಂದು ಊರಿನ ಪಟೇಲರು ಹಜಾರದ ಎರಡು ಕಲ್ಲು ಕಂಬಗಳ ನಡುವೆ ತೇಗದ ಸೋಫಾ ಬೇಕು, ಅದಕ್ಕೆ ಸ್ಪ್ರಿಂಗ್ ಇರಲೇಬೇಕು ಅಂದರು. ಸ್ಪ್ರಿಂಗು ಬೆಂಗಳೂರಿನಿಂದ ರೈಲಿನಲ್ಲಿ ಬರಬೇಕು. ದಿನಾ ಶಿವನಿಗೆ ನಡೆದುಹೋಗಿ ಕೇಳಿದೆ. ದಿನಾ 'ಬಂದಿಲ್ಲ' ಅಂದರು. ಸೋಫಾದಲ್ಲಿ ಕೂರಲು ಪಟೇಲರು ಇಟ್ಟ ಮುಹೂರ್ತ ಮಾತ್ರ ತಪ್ಪದೆ ಬಂತು.

ಸ್ಪ್ರಿಂಗಿನ ಬದಲು ಅಡಿಯಲ್ಲಿ ಅವರ ಹಳೆಯ ಬಾವಿ ಹಗ್ಗ ಹೆಣೆದು, ಮೇಲೆ ಮೊಣಕಾಲುದ್ದ ಬೂರುಗದ ಹತ್ತಿ ಪೇರಿಸಿ ಮಕಮಲ್ಲು ಮುಚ್ಚಿದೆ. ಹಗ್ಗ ಎರಡು ಕಡೆ ಸವೆದಿತ್ತು. ನೋಡಿದ್ದೆ. ಯಾರಿಗೂ ಹೇಳಲಿಲ್ಲ.

ಮೊದಲು ಮನೆಯ ಹಿರಿಯರು ಕೂರಲಿ ಅಂತ ಪಟೇಲರು ತಾಯಿಯನ್ನು ಕರೆತಂದರು. ಎಂಬತ್ತು ದಾಟಿದ ಅಜ್ಜಿ. ಹುಟ್ಟಿದಾಗಿನಿಂದ ಕಲ್ಲು ಜಗಲಿ, ಮರದ ಮಣೆ ಬಿಟ್ಟು ಬೇರೆ ಯಾವುದರ ಮೇಲೂ ಕೂತವರಲ್ಲ. ಸೋಫಾವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ತಿರುಗಿ ಕೂತರು.

ಅಡಿಯಲ್ಲಿ ಟಪ್ ಟಪ್ ಅಂತ ಎರಡು ಸದ್ದಾಯಿತು. ಏನೆಂದು ಗೊತ್ತಾಗಿದ್ದು ನನಗೊಬ್ಬನಿಗೇ. ಅಜ್ಜಿ ಇಳಿಯುತ್ತಾ ಹೋದರು. ಮೊಣಕಾಲು ಗಲ್ಲದವರೆಗೆ ಬಂತು. ಕಡೆಗೆ ಮುಖ ಮತ್ತು ಕಾಲ್ಬೆರಳು ಮಾತ್ರ ಕಾಣುತ್ತಿದ್ದವು. ಸುತ್ತ ಹತ್ತಿ. ಅಂಥ ಮೆತ್ತಗೆ ಈ ಲೋಕದಲ್ಲಿ ಇರಲಾರದು ಅಂತ ಅವರಿಗೆ ಅನ್ನಿಸಿರಬೇಕು.

'ಮಗಾ, ಭೂಮ್ತಾಯಿ ಬಾಯ್ಬಿಟ್ಲು ಕಣೋ' ಅಂದರು. 'ನಾನ್ ಹೊಂಟೆ.'

ಯಾರೋ ತುಳಸಿ ನೀರಿಗೆ ಓಡಿದರು. 'ಎಲ್ ನೋಯ್ತದೆ ಅವ್ವಾ?' ಅಂತ ಪಟೇಲರು ಕೇಳಿದರೆ, ಅಜ್ಜಿ ಕಣ್ಣು ಮುಚ್ಚಿಕೊಂಡೇ, 'ಎಲ್ಲೂ ಇಲ್ಲ. ಮೆತ್ತಗೈತೆ. ಪುಣ್ಯವಂತ್ರಿಗೆ ಹಿಂಗೇ ಬತ್ತದಂತೆ' ಅಂದರು. ಆಮೇಲೆ ಹೋಗುವ ಮುಂಚೆ ಎಲ್ಲರಿಗೂ ಹೇಳಬೇಕಾದ್ದನ್ನು ಹೇಳಲು ಶುರುಮಾಡಿದರು.

'ಮಗಾ, ನಿಮ್ಮಪ್ಪ ಒಳ್ಳೇನು, ನೀನೂ ಒಳ್ಳೇನು. ಆದ್ರೆ ಭಜನೇಲಿ ನೀನು ಹಾಡ್ಬ್ಯಾಡ. ಜನ ನಿನ್ ಪಟೇಲ್ಕೆಗೆ ಹೆದರ್ಕಂಡು ಕೂತವ್ರೆ.'

ಇಬ್ಬರು ಸೊಸೆಯರಲ್ಲಿ ದೊಡ್ಡವರು ಅತ್ತೆಯ ಕಾಲ್ಬೆರಳು ಹಿಡಿದು ಅಳುತ್ತಿದ್ದರು. 'ಅಳ್ಬ್ಯಾಡ ಕಣವ್ವ' ಅಂದರು ಅಜ್ಜಿ. 'ಮೂವತ್ತು ವರ್ಷ ನಿನ್ ಕೈ ಸಾರು ಉಂಡೆ. ಒಂದಿನಾನೂ ಉಪ್ಪಿರ್ಲಿಲ್ಲ. ಬದುಕಿರೋಗಂಟ ಹೇಳ್ಬಾರ್ದು ಅಂತಿದ್ದೆ.'

ಅಳು ಅರ್ಧಕ್ಕೇ ನಿಂತಿತು.

ನಾನು ಆಗಲೇ ಬಾಯಿ ಬಿಡಬೇಕಿತ್ತು. ಇದು ಸಾವಲ್ಲ, ಹಗ್ಗ ಅನ್ನಬೇಕಿತ್ತು. 'ಚಿಕ್ಕ ಸೊಸೆ ಎಲ್ಲವ್ಳೆ?' ಅಂತ ಅಜ್ಜಿ ಒಂದು ಕಣ್ಣು ತೆರೆದು ಹುಡುಕಿದರು. ಆ ಕಣ್ಣಿಗೆ ಸಿಕ್ಕಿದವನು ನಾನು.

'ಇವನ್ಯಾರು?'

'ಮೆತ್ತೆ ಮೇಸ್ತ್ರಿ, ಅವ್ವಾ' ಅಂದರು ಪಟೇಲರು.

'ಇವನ್ ಮೇಲೂ ನಂಗೆ ಸಿಟ್ಟಿಲ್ಲ' ಅಂದರು ಅಜ್ಜಿ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ಮಾತನ್ನು ತಡೆಯಲಾಗಲಿಲ್ಲ. ಸೋಫಾದ ಮುಂದೆ ಕುಸಿದು ಕೂತು, 'ಅಜ್ಜಿ, ನೀವು ಸಾಯ್ತಿಲ್ಲ, ಕೆಳಗೆ ಹಗ್ಗ ಹರ್ದೈತೆ, ಸವೆದಿದ್ದು ಗೊತ್ತಿದ್ದೂ ಹಾಕ್ದೋನು ನಾನು' ಅಂತ ಒಪ್ಪಿಕೊಂಡೆ.

ನಾಲ್ಕು ಜನ ಸೇರಿ ಅಜ್ಜಿಯನ್ನು ಎತ್ತಿ ಕಲ್ಲು ಜಗಲಿಯ ಮೇಲೆ ಕೂರಿಸಿದರು. ಅವರು ಅಂಗೈಯಿಂದ ಕಲ್ಲನ್ನು ಎರಡು ಸಲ ಒತ್ತಿ ನೋಡಿದರು. ಗಟ್ಟಿಯಾಗಿತ್ತು. ನಿಧಾನವಾಗಿ ಸುತ್ತಲಿನ ಮುಖಗಳನ್ನು ನೋಡಿ, 'ನಾನೇನಾದ್ರೂ ಅಂದ್ನೇನ್ರೋ?' ಅಂತ ಕೇಳಿದರು.

ದೊಡ್ಡ ಸೊಸೆ, 'ಏನೂ ಇಲ್ಲ ಅತ್ಯಮ್ಮ' ಅಂತ ಒಳಗೆ ಹೋದರು. ಆವತ್ತು ಮಧ್ಯಾಹ್ನದ ಸಾರಿಗೆ ಮೂವತ್ತು ವರ್ಷದ ಉಪ್ಪೂ ಬಿದ್ದಿತ್ತು. ಯಾರೂ ತಲೆ ಎತ್ತದೆ ಉಂಡರು. ನಾನು ನಾಲ್ಕು ಚೊಂಬು ನೀರು ಕುಡಿದೆ.

ಊಟವಾದ ಮೇಲೆ ಹಜಾರದಲ್ಲಿ ಒಬ್ಬನೇ ಕೂತು ಹಗ್ಗ ಬಿಚ್ಚುತ್ತಿದ್ದೆ. ಇನ್ನು ಈ ಸೀಮೆಯಲ್ಲಿ ಮುಖ ತೋರಿಸುವ ಹಾಗಿಲ್ಲ ಅಂತ ಕಣ್ಣಲ್ಲಿ ನೀರು ಬಂದಿತ್ತು. ಚಿಕ್ಕ ಸೊಸೆ ಮಜ್ಜಿಗೆ ತಂದಿಟ್ಟರು. ಹೋಗದೆ ಅಲ್ಲೇ ನಿಂತರು. ಸಮಾಧಾನ ಹೇಳುತ್ತಾರೇನೋ ಅಂದುಕೊಂಡೆ. ಅವರು ಆ ಕಡೆ ಈ ಕಡೆ ನೋಡಿ, ದನಿ ತಗ್ಗಿಸಿ ಕೇಳಿದರು:

'ಮೇಸ್ತ್ರಿ, ಆ ಹಗ್ಗ ಹಂಗೇ ಇನ್ನೊಂದಿನ ಬಿಡಕ್ಕಾಗಲ್ವಾ? ಅತ್ಯಮ್ಮ ನನ್ ವಿಷ್ಯಕ್ಕೆ ಬರೋ ಹೊತ್ಗೆ ಎತ್ಬಿಟ್ರಿ.'